ಸಮುದ್ರದ ನಡುವೆ ಫೋನ್ ಹತ್ತಬೇಕಾದರೆ: ಕ್ರೂಸ್‌ಗೆ ಹೊರಟವರಿಗೆ

ಅಪ್ಪ ಹಡಗಿನಲ್ಲಿ ಹದಿನಾಲ್ಕು ನಿಮಿಷ ಫೋನಿನಲ್ಲಿ ಮಾತಾಡಿದರು. ಗದಗಿನಿಂದ ಕಾಕಾ ಮಾಡಿದ್ದ ಕರೆ, ಹೆಸರುಕಾಳಿನ ದರದ ಸುದ್ದಿ. ಮುಂದಿನ ತಿಂಗಳು ಬಿಲ್ ಬಂತು. ಆ ಒಂದು ಕರೆಗೆ ಮತ್ತು ರಾತ್ರಿ ಫೋನ್ ತನ್ನಷ್ಟಕ್ಕೆ ತಾನೇ ಎಳೆದುಕೊಂಡ ನೆಟ್ಟಿಗೆ ಸೇರಿ ಏಳು ಸಾವಿರದ ಮೇಲಾಗಿತ್ತು. "ಸಿಂಗಾಪುರದ ಪ್ಯಾಕ್ ಹಾಕಿಸಿದ್ವಲ್ಲೋ, ಮತ್ತ್ಯಾಕ ರೊಕ್ಕ?" ಅಂದರು ಅಪ್ಪ. ನನಗೂ ಗೊತ್ತಿರಲಿಲ್ಲ. ಕಸ್ಟಮರ್ ಕೇರ್ ಹುಡುಗಿ ಸಮಾಧಾನದಿಂದಲೇ ಹೇಳಿದಳು: ಪ್ಯಾಕ್ ಇದ್ದದ್ದು ಸಿಂಗಾಪುರ ದೇಶಕ್ಕೆ, ನಿಮ್ಮ ತಂದೆಯವರು ಮಾತಾಡಿದ್ದು ಹಡಗಿನ ಟವರ್‌ನಿಂದ, ಹಡಗು ಯಾವ ದೇಶವೂ ಅಲ್ಲ ಸರ್.

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಿಮ್ಮ ತಲೆಯಲ್ಲೂ ಕೂತರೆ ಮುಂದಿನದೆಲ್ಲ ಸಲೀಸು.

ಈಗ ನಮ್ಮ ಕಡೆಯಿಂದಲೂ ಜನ ಕ್ರೂಸ್‌ಗೆ ಹೋಗುತ್ತಿದ್ದಾರೆ. ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಮುಂಬೈ, ಮಧ್ಯಾಹ್ನಕ್ಕೆ ಹಡಗು. ಕೆಲವರು ವಿಮಾನದಲ್ಲಿ ಸಿಂಗಾಪುರಕ್ಕೋ ದುಬೈಗೋ ಹೋಗಿ ಅಲ್ಲಿಂದ ಹತ್ತುತ್ತಾರೆ. ಹೊರಡುವ ವಾರವೆಲ್ಲ ಬಟ್ಟೆ, ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟುವುದರಲ್ಲೇ ಕಳೆಯುತ್ತದೆ. (ರೊಟ್ಟಿ ಒಳಗೆ ಬಿಡುತ್ತಾರೋ ಇಲ್ಲವೋ, ಮೊದಲೇ ಕೇಳಿಕೊಳ್ಳಿ.) ಫೋನಿನ ವಿಚಾರ ನೆನಪಾಗುವುದು ದಡ ಕಣ್ಮರೆಯಾದ ಮೇಲೆ. ಎರಡನೇ ಸಲ ನಾನು ಅವ್ವ-ಅಪ್ಪನನ್ನು ಕರೆದುಕೊಂಡು ಮುಂಬೈಯಿಂದ ಕೊಚ್ಚಿಗೆ ಹೋಗುವ ಹಡಗು ಹತ್ತಿದಾಗ ನನಗೆ ಬುದ್ಧಿ ಬಂದಿತ್ತು. ದಿನಾ ಮನೆಗೆ ಮಾತಾಡಿದೆವು, ಬಿಲ್ಲಿನಲ್ಲಿ ಒಂದು ರೂಪಾಯಿ ಹೆಚ್ಚಾಗಲಿಲ್ಲ. ಏನು ಮಾಡಿದೆ ಅಂತ ಹೇಳುತ್ತೇನೆ.

ಮೊದಲು, ಸಿಗ್ನಲ್ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

ಹಡಗಿನಲ್ಲಿ ಫೋನ್ ಮೂರು ದಾರಿಯಿಂದ ಹತ್ತುತ್ತದೆ.

ಮೊದಲನೆಯದು ದಡದ ಟವರ್. ಬಂದರಿನಲ್ಲಿ ನಿಂತಿರುವಾಗ ಊರಲ್ಲಿದ್ದ ಹಾಗೆಯೇ. ಹಡಗು ಹೊರಟ ಮೇಲೂ ಸ್ವಲ್ಪ ಹೊತ್ತು ಫೋನಿನಲ್ಲಿ ಸಿಗ್ನಲ್‌ನ ಕಡ್ಡಿ ಕಾಣುತ್ತವೆ. ಕ್ರೂಸ್ ಹಡಗು ಓಡುವುದು ಗಂಟೆಗೆ 30-37 ಕಿ.ಮೀ. ಆಸುಪಾಸಿನಲ್ಲಿ. ಹಾಗಾಗಿ ಒಂದು, ಒಂದೂವರೆ ಗಂಟೆಯಲ್ಲಿ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಹಡಗು ದಡದ ಗುಂಟ ಹೋಗುತ್ತಿದ್ದರೆ ನಡುನಡುವೆ ಮತ್ತೆ ಇಣುಕಿ ಹೋಗುವುದೂ ಉಂಟು. ಅದನ್ನು ನೆಚ್ಚಿಕೊಳ್ಳಬೇಡಿ.

ಎರಡನೆಯದು ಹಡಗಿನದೇ ಟವರ್. ಅಪ್ಪನ ಕಿಸೆಗೆ ಕತ್ತರಿ ಹಾಕಿದ್ದು ಇದೇ. ಹಲವು ದೊಡ್ಡ ಹಡಗುಗಳ ಒಳಗೆ ಅಲ್ಲಲ್ಲಿ ಚಿಕ್ಕ ಮೊಬೈಲ್ ಆಂಟೆನಾ ಕೂರಿಸಿರುತ್ತಾರೆ. ಅವು ನಿಮ್ಮ ಕರೆಯನ್ನು ಹಿಡಿದು ಸ್ಯಾಟಲೈಟ್‌ಗೆ ಕಳಿಸುತ್ತವೆ, ಅದು ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ದಡದ ಹತ್ತಿರ ಇರುವಾಗ ಇದನ್ನು ಬಂದ್ ಇಡುತ್ತಾರೆ. ಸಾಮಾನ್ಯವಾಗಿ ಚಾಲೂ ಮಾಡುವುದು 12 ನಾಟಿಕಲ್ ಮೈಲಿ ದಾಟಿದ ಮೇಲೆ. ಅಂದರೆ ಸುಮಾರು 22 ಕಿ.ಮೀ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ ಓಡುವ ದಾರಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ. ದಡ ಅಂದರೆ ಹುಬ್ಬಳ್ಳಿ ಅಂದುಕೊಳ್ಳಿ. ಹಡಗು ಧಾರವಾಡ ಮುಟ್ಟುವ ಹೊತ್ತಿಗೆ ಈ ಟವರ್ ಕಣ್ಣು ಬಿಡುತ್ತದೆ.

ಆಗ ಫೋನಿನ ಮೇಲ್ತುದಿಯಲ್ಲಿ ಹೊಸ ಹೆಸರು ಬರುತ್ತದೆ. 'ಸೆಲ್ಯುಲರ್ ಅಟ್ ಸೀ' ಅಂತಲೋ, 'ಟೆಲಿನಾರ್ ಮ್ಯಾರಿಟೈಮ್' ಅಂತಲೋ. ಕೆಲವು ಫೋನ್‌ಗಳಲ್ಲಿ ಹೆಸರಿನ ಬದಲು 901ರಿಂದ ಶುರುವಾಗುವ ಸಂಖ್ಯೆ ಕಾಣುತ್ತದೆ. ಪ್ರತಿ ದೇಶದ ಮೊಬೈಲ್ ನೆಟ್‌ವರ್ಕ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಭಾರತದ್ದು 404 ಮತ್ತು 405. ಯಾವ ದೇಶಕ್ಕೂ ಸೇರದ ನೆಟ್‌ವರ್ಕ್‌ಗಳಿಗೆ ಕೊಡುವುದು 901. ಆ ಹುಡುಗಿ ಹೇಳಿದ್ದು ಅಕ್ಷರಶಃ ನಿಜ, ನೋಡಿ. ಸಿಂಗಾಪುರ, ಥೈಲ್ಯಾಂಡ್ ಅಂತ ದೇಶದ ಹೆಸರಿನಲ್ಲಿ ಮಾರುವ ರೋಮಿಂಗ್ ಪ್ಯಾಕ್ ಇಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಒಳಬರುವ ಕರೆಗೂ ನಿಮಿಷದ ಲೆಕ್ಕದಲ್ಲಿ ಹಣ ಹೋಗುತ್ತದೆ. ನೆಟ್ಟಿನ ದರವಂತೂ ಕೇಳಲೇಬೇಡಿ.

ಮೂರನೆಯದು ಹಡಗಿನ ವೈಫೈ. ಇದೂ ಸ್ಯಾಟಲೈಟ್‌ನಿಂದಲೇ ಬರುವುದು, ಇದಕ್ಕೂ ಹಣ ಕೊಡಬೇಕು. ಆದರೆ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ನನ್ನ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಹಿಂದೆ ಹಡಗಿನ ವೈಫೈ ಅಂದರೆ ಎತ್ತಿನ ಗಾಡಿ. ಹಳೆಯ ಮಾದರಿಯ ಸ್ಯಾಟಲೈಟ್‌ಗಳು 35,786 ಕಿ.ಮೀ. ಎತ್ತರದಲ್ಲಿ ನಿಂತಿರುತ್ತವೆ. ನಿಮ್ಮ ಮಾತು ಅಲ್ಲಿವರೆಗೆ ಏರಿ, ಇಳಿದು, ಅವರ ಉತ್ತರವೂ ಅದೇ ದಾರಿ ಹಿಡಿದು ಬರಲು ಅರ್ಧ ಸೆಕೆಂಡು ದಾಟುತ್ತದೆ. ಈಚೆಗೆ ಬಂದ ಸ್ಟಾರ್‌ಲಿಂಕ್ ಅನ್ನುವ ನೆಟ್ ಸೇವೆಯ ಸ್ಯಾಟಲೈಟ್‌ಗಳು ಸುಮಾರು 550 ಕಿ.ಮೀ. ಎತ್ತರದಲ್ಲೇ ಸುತ್ತುತ್ತವೆ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ದೊಡ್ಡ ಕಂಪನಿಗಳು 2022ರಿಂದ ತಮ್ಮ ಹಡಗುಗಳಿಗೆ ಇದನ್ನು ಹಾಕಿಸತೊಡಗಿದವು. ಅಂಥ ಹಡಗಿನಲ್ಲಿ ವೀಡಿಯೊ ಕರೆಯೂ ಚೆನ್ನಾಗಿ ನಡೆಯುತ್ತದೆ. ಬುಕಿಂಗ್ ಮಾಡುವಾಗಲೇ ಏಜೆಂಟ್‌ಗೆ ಕೇಳಿ: ಈ ಹಡಗಿನಲ್ಲಿ ಯಾವ ಸ್ಯಾಟಲೈಟ್‌ನ ನೆಟ್ ಇದೆ? ಅವನಿಗೆ ಗೊತ್ತಿಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ ಕೇಳಿಸಿ. ಕಮಿಷನ್ ತಗೊಳ್ಳುತ್ತಾನಲ್ಲ, ಅಷ್ಟು ಮಾಡಲಿ.

ನಮ್ಮ ದೇಶದ ನೀರಿನೊಳಗೆ ಹಡಗಿನಲ್ಲಿ ಇಂಥ ಸೇವೆ ಕೊಡುವುದಕ್ಕೆ ನಿಯಮ ಬಂದಿದ್ದೇ 2018ರ ಡಿಸೆಂಬರ್‌ನಲ್ಲಿ. ವಿಮಾನಕ್ಕೂ ಹಡಗಿಗೂ ಸೇರಿಸಿ ಒಂದೇ ನಿಯಮ.

ಮನೆಯಲ್ಲಿ ಕೂತೇ ಮುಗಿಸಬೇಕಾದ ಕೆಲಸ

ಹೊರಡುವ ನಾಲ್ಕು ದಿನ ಮುಂಚೆ ಒಂದು ರಿಹರ್ಸಲ್ ಮಾಡಿ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈಯನ್ನೂ ಆಫ್ ಮಾಡಿ, ಅರ್ಧ ಗಂಟೆ ಹಾಗೇ ಬಳಸಿ. ಯಾವುದು ತೆರೆಯುತ್ತದೆ, ಯಾವುದು ಸುಮ್ನೆ ಸುತ್ತುತ್ತಾ ಕೂರುತ್ತದೆ ಅಂತ ಗೊತ್ತಾಗುತ್ತದೆ. ಸಮುದ್ರದ ನಡುವೆ ನಿಮ್ಮ ಫೋನ್ ಇರುವುದೇ ಹೀಗೆ. ನಾನು ಮಾಡಿದಾಗ ಟಿಕೆಟ್ ತೆರೆಯಲಿಲ್ಲ. ಅದು ಇಮೇಲ್‌ನಲ್ಲಿತ್ತು, ಡೌನ್‌ಲೋಡ್ ಆಗಿರಲಿಲ್ಲ. ಅಪ್ಪನ ಫೋನಿನಲ್ಲಿ ವಚನಗಳು ಹಾಡಲಿಲ್ಲ. ಅವರಿಗೆ ಬೆಳಿಗ್ಗೆ ವಚನ ಕೇಳದೆ ಚಹಾ ಇಳಿಯುವುದಿಲ್ಲ. ಎಲ್ಲವನ್ನೂ ಫೋನಿನೊಳಗೆ ಇಳಿಸಿಟ್ಟೆ. ಟಿಕೆಟ್, ಆಧಾರ್, ಪಾಸ್‌ಪೋರ್ಟ್ ಪ್ರತಿ, ಇನ್ಶೂರೆನ್ಸ್ ಕಾಗದ, ಹಾಡು, ಎರಡು ಸಿನಿಮಾ. ಟಿಕೆಟ್ಟಿನ ಪ್ರಿಂಟೂ ತೆಗೆಸಿಟ್ಟುಕೊಂಡೆ, ಐದು ರೂಪಾಯಿಯ ಮಾತು.

ಗೂಗಲ್ ಮ್ಯಾಪ್‌ನಲ್ಲಿ ನೀವು ಹೋಗುವ ಕರಾವಳಿಯ ನಕ್ಷೆಯನ್ನೂ ಡೌನ್‌ಲೋಡ್ ಮಾಡಿ. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಇನ್ನು ಬ್ಯಾಂಕಿನ ವಿಚಾರ. ಜನ ಹೆಚ್ಚು ಒದ್ದಾಡುವುದು ಇಲ್ಲೇ. ಫ್ಲೈಟ್ ಮೋಡ್‌ನಲ್ಲಿ ಒಟಿಪಿ ಎಸ್ಸೆಮ್ಮೆಸ್ ಬರುವುದಿಲ್ಲ. ಹಾಗಾಗಿ ಒಟಿಪಿ ಕೇಳುವ ಕೆಲಸವನ್ನೆಲ್ಲ ಮೊದಲೇ ಮುಗಿಸಿ. ಕರೆಂಟ್ ಬಿಲ್, ಕಂತು, ಮಕ್ಕಳ ಫೀ. ವಿದೇಶಿ ಹಡಗಾದರೆ ನಿಮ್ಮ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಇದೆಯಾ ಅಂತ ಬ್ಯಾಂಕ್ ಆಪ್‌ನಲ್ಲಿ ನೋಡಿ. ನಮ್ಮ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ಆಫ್ ಇರುತ್ತದೆ, ನಾವೇ ಆನ್ ಮಾಡಬೇಕು. ಹಡಗು ಹತ್ತಿದ ಮೇಲೆ ನೆನಪಾದರೆ ಕಷ್ಟ.

ವಾಟ್ಸಾಪ್ ಬಗ್ಗೆ ಒಂದು ಎಚ್ಚರ. ಒಮ್ಮೆ ನಿಮ್ಮ ನಂಬರ್‌ಗೆ ಜೋಡಿಸಿದ ವಾಟ್ಸಾಪ್, ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ವೈಫೈಯಲ್ಲಿ ನಡೆಯುತ್ತದೆ. ಆದರೆ ಅದನ್ನು ಅಳಿಸಿ ಮತ್ತೆ ಹಾಕಿದರೆ ಒಟಿಪಿ ಕೇಳುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಹೊಸ ಫೋನ್ ಕೊಂಡಿದ್ದರೆ ಹಡಗಿನಲ್ಲಿ ಬದಲಾಯಿಸಲು ಹೋಗಬೇಡಿ. ಪರದೇಶದ ಸಿಮ್ ಹಾಕಿದಾಗ 'ನಂಬರ್ ಬದಲಾಯಿಸಲಾ?' ಅಂತ ವಾಟ್ಸಾಪ್ ಕೇಳಿದರೆ ಬೇಡ ಅನ್ನಿ.

ಹಡಗು ಕಂಪನಿಯ ಆಪ್ ಇದ್ದರೆ ಅದನ್ನೂ ಮನೆಯಲ್ಲೇ ಹಾಕಿಕೊಂಡು ಲಾಗಿನ್ ಆಗಿ. ಬಹಳಷ್ಟು ಕಂಪನಿಗಳ ಆಪ್ ಹಡಗಿನ ವೈಫೈಯಲ್ಲಿ ನೆಟ್ ಪ್ಯಾಕ್ ಇಲ್ಲದೆಯೇ ನಡೆಯುತ್ತದೆ. ಊಟದ ಹೊತ್ತು, ಕಾರ್ಯಕ್ರಮದ ಪಟ್ಟಿ, ನಿಮ್ಮ ಖರ್ಚಿನ ಲೆಕ್ಕ ಅದರಲ್ಲಿ ಸಿಗುತ್ತವೆ. ಹಣ ಕೊಡಬೇಕಾದದ್ದು ಹೊರಗಿನ ನೆಟ್ಟಿಗೆ.

ಕೊನೆಯದಾಗಿ ಮನೆಯಲ್ಲಿ ಇರುವವರಿಗೆ ಒಂದು ಚೀಟಿ. ಫೋನ್ ಸೆಟ್ಟಿಂಗ್‌ಗಿಂತ ಇದೇ ಮುಖ್ಯ ಅನಿಸುತ್ತದೆ ನನಗೆ. ಮೊದಲ ಸಲ ನಾವು ಸಿಗದೇ ಹೋದಾಗ ಬ್ಯಾಡಗಿಯ ಅತ್ತೆ ಇಡೀ ಬಳಗಕ್ಕೆ ಫೋನ್ ಹಚ್ಚಿದ್ದರು. "ಫೋನ ಹತ್ತವಲ್ದು, ಏನಾತೋ ಏನೋ!" ಅಂತ. ಎರಡನೇ ಸಲ ಚೀಟಿಯಲ್ಲಿ ಬರೆದುಕೊಟ್ಟೆ: ಹಡಗಿನ ಹೆಸರು, ಹೊರಡುವ-ಬರುವ ದಿನ, ಬುಕಿಂಗ್ ನಂಬರ್, ಯಾವ ದಿನ ಯಾವ ಬಂದರು, ಹಡಗು ಕಂಪನಿಯ ತುರ್ತು ನಂಬರ್. ಕ್ಯಾಬಿನ್ ನಂಬರ್ ಗೊತ್ತಾದ ಮೇಲೆ ಮೆಸೇಜ್ ಹಾಕಿದೆ. ಕೆಳಗೆ ದಪ್ಪ ಅಕ್ಷರದಲ್ಲಿ: "ದಿನಾ ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ನಾವೇ ಮಾಡುತ್ತೇವೆ. ಉಳಿದ ಹೊತ್ತು ಫೋನ್ ಹತ್ತದಿದ್ದರೆ ಗಾಬರಿ ಬೇಡ." ತೀರಾ ತುರ್ತು ಇದ್ದರೆ ಕಂಪನಿಗೆ ಫೋನ್ ಮಾಡಿ ಬುಕಿಂಗ್ ನಂಬರ್ ಹೇಳಿದರೆ ಅವರು ಹಡಗಿಗೆ ಸುದ್ದಿ ಮುಟ್ಟಿಸುತ್ತಾರೆ.

ದಡ ಬಿಡುವ ಹೊತ್ತು

ಹಡಗು ಕದಲಿದ ಕೂಡಲೇ ಎಲ್ಲರೂ ಮೇಲಿನ ಡೆಕ್‌ಗೆ ಓಡಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಿ. ಊರಿಗೆ ಕಳಿಸಿ. "ಹೊಂಟ್ವಿ" ಅಂತ ಒಂದು ಕರೆ ಮಾಡಿ. ಕಡ್ಡಿ ಎರಡಕ್ಕೆ ಇಳಿಯುವ ಮುಂಚೆ ಮೂರು ಕೆಲಸ ಮಾಡಿ.

ಫ್ಲೈಟ್ ಮೋಡ್ ಆನ್. ಕೆಲವು ಫೋನ್‌ಗಳಲ್ಲಿ ಏರ್‌ಪ್ಲೇನ್ ಮೋಡ್ ಅಂತ ಇರುತ್ತದೆ, ವಿಮಾನದ ಚಿತ್ರವಿರುವ ಬಟನ್.

ಆಮೇಲೆ ವೈಫೈಯನ್ನು ಮಾತ್ರ ಮತ್ತೆ ಆನ್ ಮಾಡಿ. ಫ್ಲೈಟ್ ಮೋಡ್‌ನಲ್ಲಿ ವೈಫೈ ನಡೆಯುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ನಡೆಯುತ್ತದೆ. ಸಿಮ್‌ನ ಬಾಯಿ ಮಾತ್ರ ಮುಚ್ಚಿರುತ್ತದೆ.

ಮೂರನೆಯದು, ಸೆಟ್ಟಿಂಗ್‌ಗೆ ಹೋಗಿ ಡೇಟಾ ರೋಮಿಂಗ್ ಆಫ್ ಮಾಡಿ. ಫ್ಲೈಟ್ ಮೋಡ್ ಇದ್ದ ಮೇಲೆ ಇದ್ಯಾಕೆ ಅನ್ನಬಹುದು. ಕೈತಪ್ಪಿ ಯಾರಾದರೂ ಫ್ಲೈಟ್ ಮೋಡ್ ತೆಗೆದರೆ ನೆಟ್ ಆದರೂ ಹರಿಯುವುದು ಬೇಡ ಅಂತ. ಬಾಗಿಲಿಗೆ ಚಿಲಕ ಹಾಕಿದ ಮೇಲೆ ಅಗುಳಿಯನ್ನೂ ಹಾಕುತ್ತೇವಲ್ಲ, ಹಾಗೆ.

ಇದನ್ನು ನಿಮ್ಮ ಫೋನಿಗೆ ಮಾಡಿದರೆ ಸಾಲದು, ಮನೆಯವರ ಎಲ್ಲರ ಫೋನೂ ಕೈಗೆ ತಗೊಂಡು ಮಾಡಿ. ನಮ್ಮ ಮೊದಲ ಪ್ರವಾಸದಲ್ಲಿ ನನ್ನ ಫೋನ್ ಸರಿಯಾಗಿಯೇ ಇತ್ತು. ಹೋದದ್ದು ಅಪ್ಪನದು. ಹಿರಿಯರ ಹತ್ತಿರ ಗುಂಡಿ ಒತ್ತುವ ಫೋನ್ ಇದ್ದರೆ ಸ್ವಿಚ್ ಆಫ್ ಮಾಡಿಸಿ ಪೆಟ್ಟಿಗೆಯಲ್ಲಿಡಿ. ಮಕ್ಕಳ ಟ್ಯಾಬ್‌ನಲ್ಲಿ ಸಿಮ್ ಇದ್ದರೆ ಅದನ್ನೂ ಮರೆಯಬೇಡಿ. ಸಿಮ್ ಇರುವ ಕೈಗಡಿಯಾರ ಕಟ್ಟಿದವರು ಅದನ್ನೂ ನೋಡಿಕೊಳ್ಳಿ.

ಇದರಿಂದ ಇನ್ನೊಂದು ಲಾಭ ಇದೆ. ಟವರ್ ಸಿಗದ ಜಾಗದಲ್ಲಿ ಫೋನ್ ಹುಡುಕುತ್ತಲೇ ಇದ್ದು ಬ್ಯಾಟರಿ ತಿನ್ನುತ್ತದೆ. ಫ್ಲೈಟ್ ಮೋಡ್‌ನಲ್ಲಿ ಚಾರ್ಜ್ ಜಾಸ್ತಿ ಹೊತ್ತು ಬರುತ್ತದೆ.

ವೈಫೈ ಪ್ಯಾಕ್: ಎಷ್ಟು ಬೇಕು, ಹೇಗೆ ಹಾಕುವುದು

ದೊಡ್ಡ ವಿದೇಶಿ ಹಡಗುಗಳಲ್ಲಿ ಒಂದು ಫೋನಿಗೆ ದಿನಕ್ಕೆ ಸಾಮಾನ್ಯವಾಗಿ 15ರಿಂದ 30 ಡಾಲರ್. ನಾಲ್ಕು ಜನ, ನಾಲ್ಕು ರಾತ್ರಿ, ನಾಲ್ಕು ಫೋನ್ ಅಂತ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಹಡಗು ಹತ್ತುವ ಮೊದಲೇ ಆನ್‌ಲೈನ್‌ನಲ್ಲಿ ಕೊಂಡರೆ ಹಲವು ಕಂಪನಿಗಳಲ್ಲಿ ಅಗ್ಗ. ಹತ್ತಿದ ಮೇಲೆ ಕೌಂಟರ್‌ನಲ್ಲಿ ದರ ಏರಿರುತ್ತದೆ.

ನನ್ನ ಸಲಹೆ: ಮನೆಗೊಂದೇ ಪ್ಯಾಕ್ ಸಾಕು. ಒಂದು ಫೋನಿನ ಪ್ಯಾಕ್ ಅಂದರೆ ಒಂದೇ ಫೋನಿಗೆ ಅಂತಲ್ಲ, ಒಂದು ಹೊತ್ತಿಗೆ ಒಂದು ಫೋನ್ ಅಂತ. ಬಹಳಷ್ಟು ಹಡಗುಗಳಲ್ಲಿ ನನ್ನ ಫೋನಿನಿಂದ ಲಾಗ್‌ಔಟ್ ಆಗಿ ಅದೇ ಪ್ಯಾಕ್ ಅನ್ನು ಅಪ್ಪನ ಫೋನಿಗೆ ಹಾಕಬಹುದು. ನಾವು ಹಾಗೆಯೇ ಮಾಡಿದೆವು. ಬೆಳಿಗ್ಗೆ ತಂಗಿಯದು, ಮಧ್ಯಾಹ್ನ ನನ್ನದು, ರಾತ್ರಿ ಒಂಬತ್ತಕ್ಕೆ ಅಪ್ಪನದು. ಹಳ್ಳಿಯಲ್ಲಿ ಮೊದಲು ಒಂದೇ ಲ್ಯಾಂಡ್‌ಲೈನ್ ಇದ್ದಾಗ ಹೀಗೇ ಪಾಳಿ ಇತ್ತಲ್ಲ. ಹಾಟ್‌ಸ್ಪಾಟ್ ಮಾಡಿ ಎಲ್ಲರಿಗೂ ಹಂಚುತ್ತೇನೆ ಅನ್ನುವ ಜಾಣರಿಗೆ ಒಂದು ಮಾತು: ಅದನ್ನು ತಡೆಯುವ ವ್ಯವಸ್ಥೆ ಹಲವು ಹಡಗುಗಳಲ್ಲಿದೆ. ಚೀಲದಲ್ಲಿ ಪುಟ್ಟ ವೈಫೈ ರೂಟರ್ ತಂದರೆ ಕೆಲವು ಕಂಪನಿಗಳು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತವೆ.

ಹಾಕುವ ಕ್ರಮ ಹೀಗೆ. ವೈಫೈ ಪಟ್ಟಿಯಲ್ಲಿ ಹಡಗಿನ ಹೆಸರಿನ ನೆಟ್‌ವರ್ಕ್ ಒತ್ತಿ. ಒಂದು ಪುಟ ತಾನಾಗಿ ತೆರೆಯುತ್ತದೆ. ಅದರಲ್ಲಿ ಕ್ಯಾಬಿನ್ ನಂಬರ್, ಹುಟ್ಟಿದ ದಿನ ಇಂಥವನ್ನು ಕೇಳುತ್ತದೆ. ಪ್ಯಾಕ್ ಆರಿಸಿ ಒಪ್ಪಿದರೆ ನೆಟ್ ಶುರು. ಪುಟ ತೆರೆಯದಿದ್ದರೆ ಗಾಬರಿಯಾಗಬೇಡಿ. ವಿಪಿಎನ್ ಆನ್ ಇದ್ದರೆ ಆಫ್ ಮಾಡಿ. ಆಂಡ್ರಾಯ್ಡ್‌ನ ಸೆಟ್ಟಿಂಗ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಒಂದಿರುತ್ತದೆ, ಅದನ್ನೂ ಆಫ್ ಮಾಡಿ ನೋಡಿ. ಆಗಲೂ ಬರದಿದ್ದರೆ ರಿಸೆಪ್ಷನ್ ಕೌಂಟರ್‌ಗೆ ಹೋಗಿ. ನಮಗೆ ಅಲ್ಲಿ ಸಿಕ್ಕವನು ಮಂಗಳೂರಿನ ಹುಡುಗ, ಅವ್ವನ ಜತೆ ಕನ್ನಡದಲ್ಲೇ ಮಾತಾಡಿ ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟ.

ಪಾಳಿ ಮುಗಿದ ಮೇಲೆ ಲಾಗ್‌ಔಟ್ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ವೈಫೈ ಆಫ್ ಮಾಡಿದರೆ ಲಾಗ್‌ಔಟ್ ಆದಂತಲ್ಲ. ನಿಮಿಷದ ಲೆಕ್ಕದ ಹಳೆಯ ಪ್ಯಾಕ್ ಆದರೆ ನಿಮಿಷ ಸೋರುತ್ತಲೇ ಇರುತ್ತದೆ.

ನೆಟ್ ಸಿಕ್ಕ ಕೂಡಲೇ ಫೋನ್ ಏನು ಮಾಡುತ್ತದೆ ಗೊತ್ತಾ? ನೀವು ತೆಗೆದ ನಾನೂರು ಫೋಟೋ ಗೂಗಲ್‌ಗೆ ಏರಿಸಲು ಹೊರಡುತ್ತದೆ. ಆಪ್‌ಗಳು ಅಪ್‌ಡೇಟ್ ಆಗತೊಡಗುತ್ತವೆ. ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ವೀಡಿಯೊಗಳೆಲ್ಲ ಇಳಿಯತೊಡಗುತ್ತವೆ. ಆಮೇಲೆ ನಾವು ಹಡಗಿನ ನೆಟ್ ನಿಧಾನ ಅಂತ ಬೈಯುತ್ತೇವೆ. ಫೋಟೋ ಬ್ಯಾಕಪ್, ಆಪ್ ಅಪ್‌ಡೇಟ್, ವಾಟ್ಸಾಪ್‌ನ ತಾನೇ ಡೌನ್‌ಲೋಡ್ ಆಗುವ ವ್ಯವಸ್ಥೆ, ಈ ಮೂರನ್ನೂ ಮನೆಯಲ್ಲೇ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಹಡಗಿನ ವೈಫೈಯನ್ನು 'ಮೀಟರ್ಡ್' ಅಂತ ಗುರುತು ಹಾಕಬಹುದು, ಐಫೋನ್‌ನಲ್ಲಿ 'ಲೋ ಡೇಟಾ ಮೋಡ್' ಇದೆ. ಎರಡೂ ಫೋನಿನ ಕೈ ಕಟ್ಟುತ್ತವೆ.

ಕ್ಯಾಬಿನ್‌ನಲ್ಲಿ ಸಿಗ್ನಲ್ ಕಮ್ಮಿ ಇದ್ದರೆ ಬಾಗಿಲ ಹತ್ತಿರ ಬನ್ನಿ. ಹಡಗಿನ ಗೋಡೆ ಉಕ್ಕಿನದು, ವೈಫೈಯ ಅಲೆಗಳು ಅದನ್ನು ದಾಟಲು ಒದ್ದಾಡುತ್ತವೆ. ವೈಫೈ ಪೆಟ್ಟಿಗೆಗಳು ಬಹುತೇಕ ಕಾರಿಡಾರ್‌ನಲ್ಲಿರುತ್ತವೆ. ಎಲ್ಲರೂ ಊಟಕ್ಕೆ ಹೋದಾಗ, ಇಲ್ಲವೇ ಬೆಳಗಿನ ಜಾವ ನೆಟ್ ಚುರುಕಾಗಿರುತ್ತದೆ.

ಮನೆಗೆ ಮಾತಾಡುವುದು

ವಾಟ್ಸಾಪ್ ಕರೆಯೇ ಸುಲಭ. ಅದರ ಸೆಟ್ಟಿಂಗ್‌ನಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಇದೆ, ಆನ್ ಮಾಡಿ. ಹಳೆಯ ಸ್ಯಾಟಲೈಟ್‌ನ ಹಡಗಾದರೆ ಒಂದು ಮಾತು ಆಡಿ ನಿಲ್ಲಿ, ಉತ್ತರ ಬರಲಿ, ಆಮೇಲೆ ಮುಂದಿನದು. ಇಲ್ಲದಿದ್ದರೆ ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತವೆ. ಟ್ರಂಕ್ ಕಾಲ್ ಕಾಲದವರಾದ ಅಪ್ಪನಿಗೆ ಇದು ನಮಗಿಂತ ಬೇಗ ಒಗ್ಗಿತು. ಕರೆ ಕಡಿದು ಕಡಿದು ಬಂದರೆ ವಾಯ್ಸ್ ಮೆಸೇಜ್ ಕಳಿಸಿ. ನೆಟ್ ಹೋದರೂ ಅದು ಕಾದಿದ್ದು, ಬಂದಾಗ ಹೋಗಿ ಮುಟ್ಟುತ್ತದೆ. ಬ್ಯಾಡಗಿಯ ಅತ್ತೆಗೆ ಅವ್ವ ಕಳಿಸಿದ್ದೆಲ್ಲ ವಾಯ್ಸ್ ಮೆಸೇಜೇ. ಒಂದೊಂದು ನಾಲ್ಕು ನಿಮಿಷದ್ದು, ಊಟಕ್ಕೆ ಏನೇನಿತ್ತು ಅಂತ.

ದುಬೈನಿಂದ ಹತ್ತುವವರು ಗಮನಿಸಿ. ಯುಎಇಯಲ್ಲಿ ವಾಟ್ಸಾಪ್‌ನ ಧ್ವನಿ ಮತ್ತು ವೀಡಿಯೊ ಕರೆಗೆ ನಿರ್ಬಂಧ ಇದೆ. ಮೆಸೇಜ್ ಹೋಗುತ್ತದೆ. ಅಲ್ಲಿ ಇಳಿದಾಗ ಕರೆ ಹೋಗದಿದ್ದರೆ ನಿಮ್ಮ ಫೋನ್ ಕೆಟ್ಟಿದೆ ಅಂತ ಅಂಗಡಿ ಹುಡುಕಬೇಡಿ.

ವೈಫೈ ಕಾಲಿಂಗ್ ಅಂತ ಇನ್ನೊಂದಿದೆ. ಮಾಮೂಲಿ ಕರೆಯೇ ವೈಫೈ ಮೇಲೆ ಹೋಗುವುದು. ನಮ್ಮಲ್ಲಿ ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಹಡಗಿನಲ್ಲಿ ಬಳಸುವ ಮನಸ್ಸಿದ್ದರೆ ಹೊರಡುವ ಮುಂಚೆ ನಿಮ್ಮ ಕಂಪನಿಗೆ ಎರಡು ಪ್ರಶ್ನೆ ಕೇಳಿ: ದೇಶದ ಹೊರಗಿನ ವೈಫೈಯಲ್ಲಿ ಇದು ನಡೆಯುತ್ತದಾ, ನಡೆದರೆ ನಿಮಿಷಕ್ಕೆ ಎಷ್ಟು? ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಆಫ್ ಮಾಡಿ ಹೋಗಿ.

ಕ್ಯಾಬಿನ್‌ನಲ್ಲಿ ಒಂದು ಫೋನ್ ಇರುತ್ತದೆ. ಅದರಿಂದ ಇನ್ನೊಂದು ಕ್ಯಾಬಿನ್‌ಗೆ, ರಿಸೆಪ್ಷನ್‌ಗೆ ಮಾಡುವುದು ಪುಕ್ಕಟೆ. ಊರಿಗೆ ಮಾಡಿದರೆ ನಿಮಿಷಕ್ಕೆ ಡಾಲರ್ ಲೆಕ್ಕ. ಸ್ಯಾಟಲೈಟ್ ಫೋನ್ ತಗೊಂಡು ಹೋಗಲಾ ಅಂತ ಒಬ್ಬರು ಕೇಳಿದ್ದರು. ಬೇಡವೇ ಬೇಡ. ಭಾರತದಲ್ಲಿ ಟೆಲಿಕಾಂ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಹಡಗಿನೊಳಗೆ ಒಬ್ಬರಿಗೊಬ್ಬರು ಸಿಗುವುದು

ಈಗಿನ ಅತಿ ದೊಡ್ಡ ಕ್ರೂಸ್ ಹಡಗಿನ ಉದ್ದ ಸುಮಾರು 365 ಮೀಟರ್. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಪಕ್ಕ ಅಂಥವು ನಾಲ್ಕನ್ನು ಸಾಲಾಗಿ ನಿಲ್ಲಿಸಬಹುದು, ಬಿಡಿ. ಆದರೆ ಪ್ಲಾಟ್‌ಫಾರ್ಮ್ ಒಂದೇ ಅಂತಸ್ತು. ಹಡಗಿಗೆ ಹತ್ತು, ಹದಿನೈದು, ಇಪ್ಪತ್ತು. ಎಲ್ಲ ಕಾರಿಡಾರ್‌ಗಳೂ ಒಂದೇ ಥರ. ಫೋನ್ ಇಲ್ಲದೆ ಅವ್ವ ಎಲ್ಲಿದ್ದಾಳೆ ಅಂತ ಹುಡುಕುವುದು ಹೇಗೆ?

ಹಡಗಿನ ಆಪ್‌ನಲ್ಲಿ ಚಾಟ್ ಇದ್ದರೆ ಅದನ್ನು ಬಳಸಿ. ಕೆಲವು ಕಂಪನಿಗಳು ಅದಕ್ಕೆ ಸ್ವಲ್ಪ ಹಣ ಕೇಳುತ್ತವೆ. ನಾವು ಹಳೆಯ ಉಪಾಯ ಹಿಡಿದೆವು. ಸಿದ್ಧಾರೂಢರ ಜಾತ್ರೆಗೆ ಹೋದಾಗ "ತಪ್ಪಿಸಿಕೊಂಡರ ತೇರಿನ ಹಂತೇಕ ಬಾ" ಅಂತಿದ್ದಳು ಅವ್ವ. ಹಡಗಿನಲ್ಲಿ ಲಿಫ್ಟ್ ಮುಂದಿನ ದೊಡ್ಡ ಗಡಿಯಾರವೇ ನಮಗೆ ತೇರು. ಒಂದಕ್ಕೆ, ಐದಕ್ಕೆ, ಎಂಟಕ್ಕೆ ಅಲ್ಲಿ ಸೇರುವುದು. ಅವ್ವನ ಕೈಚೀಲದಲ್ಲಿ ಕ್ಯಾಬಿನ್ ನಂಬರ್ ಮತ್ತು ಡೆಕ್ ನಂಬರ್ ಬರೆದ ಚೀಟಿ.

ಬಂದರಿನಲ್ಲಿ ಇಳಿದಾಗ

ಗೋವಾ, ಕೊಚ್ಚಿಯಂಥ ನಮ್ಮ ಬಂದರಾದರೆ ಹಡಗು ಪೂರ್ತಿ ಕಟ್ಟಿದ ಮೇಲೆ ಫ್ಲೈಟ್ ಮೋಡ್ ತೆಗೆಯಿರಿ, ಮಾಮೂಲಿ ದರವೇ. ಲಕ್ಷದ್ವೀಪಕ್ಕೆ ಹೋಗುವವರಿಗೆ ಈಗ ಮೊದಲಿನಷ್ಟು ತೊಂದರೆ ಇಲ್ಲ. ಅಲ್ಲಿಗೆ ಮೊದಲು ಸ್ಯಾಟಲೈಟೇ ಗತಿಯಾಗಿತ್ತು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾಗಿ 11 ದ್ವೀಪಗಳಿಗೆ ಸಂಪರ್ಕ ಸಿಕ್ಕಿದೆ.

ವಿದೇಶದ ಬಂದರಾದರೆ ಆ ದೇಶದ ರೋಮಿಂಗ್ ಪ್ಯಾಕ್ ಅಥವಾ ಅಲ್ಲಿಯ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಹಾಕಿಕೊಳ್ಳುವ ಸಿಮ್). ಇವು ನಡೆಯುವುದು ನೆಲದ ಮೇಲೆ ಮಾತ್ರ. ಸಿಂಗಾಪುರದಲ್ಲಿ 'ವೈರ್‌ಲೆಸ್ ಅಟ್ ಎಸ್‌ಜಿ' ಅನ್ನುವ ಸಾರ್ವಜನಿಕ ವೈಫೈ ಪುಕ್ಕಟೆ ಸಿಗುತ್ತದೆ. ಒಟಿಪಿ ಬೇಕಾದ ಕೆಲಸ ಉಳಿದಿದ್ದರೆ ಬಂದರಿನಲ್ಲೇ ಮುಗಿಸಿ, ಆದರೆ ಹಣದ ವ್ಯವಹಾರವನ್ನು ಸಾರ್ವಜನಿಕ ವೈಫೈಯಲ್ಲಿ ಮಾಡಬೇಡಿ. ಮರಳಿ ಹಡಗಿಗೆ ಕಾಲಿಟ್ಟ ಕೂಡಲೇ ಮತ್ತೆ ಫ್ಲೈಟ್ ಮೋಡ್. ಜನ ಮರೆಯುವುದು ಇಲ್ಲೇ, ಸುಸ್ತಾಗಿ ಬಂದಿರುತ್ತಾರೆ. ಅಪ್ಪನ ಫೋನೂ ಹೀಗೇ ಮೋಸ ಹೋದದ್ದು. ಪೆನಾಂಗ್‌ನಲ್ಲಿ ಇಳಿದಾಗ ನಾನೇ ಆನ್ ಮಾಡಿಕೊಟ್ಟಿದ್ದೆ, ಸಂಜೆ ಆಫ್ ಮಾಡಲಿಲ್ಲ.

ಗಡಿಯಾರದ ವಿಚಾರ ಇನ್ನೂ ಗಂಭೀರ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ಥೈಲ್ಯಾಂಡ್ ಒಂದೂವರೆ ಗಂಟೆ. ಸಿಂಗಾಪುರದಿಂದ ಫುಕೆಟ್‌ಗೆ ಹೋದ ಹಡಗು ತನ್ನ ಗಡಿಯಾರವನ್ನು ಸಿಂಗಾಪುರದ ಸಮಯಕ್ಕೇ ಇಟ್ಟುಕೊಂಡಿದೆ ಅಂದುಕೊಳ್ಳಿ. ನೀವು ಇಳಿದ ಕೂಡಲೇ ಫೋನ್ ತಾನಾಗಿ ಥೈಲ್ಯಾಂಡ್ ಸಮಯ ತೋರಿಸುತ್ತದೆ. ಐದಕ್ಕೆ ಎಲ್ಲರೂ ಹಡಗಿನಲ್ಲಿರಬೇಕು ಅಂತ ಹೇಳಿರುತ್ತಾರೆ. ನಿಮ್ಮ ಫೋನಿನಲ್ಲಿ ನಾಲ್ಕಾದಾಗ ಹಡಗಿನಲ್ಲಿ ಐದಾಗಿರುತ್ತದೆ! ನೀವು ಇನ್ನೂ ಎಳನೀರು ಕುಡಿಯುತ್ತಿರುತ್ತೀರಿ. ಫೋನಿನಲ್ಲಿ ತಾನೇ ಸಮಯ ಬದಲಾಗುವುದನ್ನು ಆಫ್ ಮಾಡಿ ಹಡಗಿನ ಸಮಯವನ್ನೇ ಇಟ್ಟುಕೊಳ್ಳಿ. ಇಳಿಯುವಾಗ ಬಾಗಿಲಲ್ಲಿ ಬರೆದಿರುವ ಹೊತ್ತಿನ ಫೋಟೋ ತೆಗೆದುಕೊಳ್ಳಿ. ಅಪ್ಪ ಹಳೆಯ ಎಚ್‌ಎಂಟಿ ವಾಚನ್ನು ಹಡಗಿನ ಸಮಯಕ್ಕೆ ತಿರುಗಿಸಿಕೊಂಡಿದ್ದರು. ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಹೊಳೆದಿಲ್ಲ.

ನೀಲಿ ಚುಕ್ಕಿ

ಮ್ಯಾಪ್ ಡೌನ್‌ಲೋಡ್ ಮಾಡಿ ಅಂದಿದ್ದೆನಲ್ಲ. ಜಿಪಿಎಸ್‌ಗೆ ಸಿಮ್ಮೂ ಬೇಡ, ವೈಫೈಯೂ ಬೇಡ, ಪ್ಯಾಕೂ ಬೇಡ. ಫ್ಲೈಟ್ ಮೋಡ್‌ನಲ್ಲಿಯೂ ಈಗಿನ ಫೋನ್‌ಗಳಲ್ಲಿ ನಡೆಯುತ್ತದೆ. ತೆರೆದ ಡೆಕ್‌ಗೆ ಹೋಗಿ ಒಂದೆರಡು ನಿಮಿಷ ಕಾಯಿರಿ. ಖಾಲಿ ನೀಲಿಯ ನಡುವೆ ನಿಮ್ಮ ಚುಕ್ಕಿ ಬಂದು ಕೂರುತ್ತದೆ. ಕೊಚ್ಚಿಯ ದಾರಿಯಲ್ಲಿ ಅವ್ವ ದಿನದ ಅರ್ಧ ಅದನ್ನೇ ನೋಡುತ್ತಿದ್ದಳು. ಗೋವಾ ದಾಟಿದ ಮೇಲೆ ನಕ್ಷೆಯಲ್ಲಿ ಕಾರವಾರ ಬಂತು. ಎದುರಿಗೆ ಬರೀ ನೀರು, ದಡದ ಸುಳಿವೂ ಇಲ್ಲ. "ಅಂದ್ರ ಈಗ ನಾವು ನಮ್ಮ ಊರಿನ ಬಾಜೂಕ ಅದೀವಿ" ಅಂದಳು. ಬೆರಳಿಟ್ಟು ಹುಬ್ಬಳ್ಳಿವರೆಗೆ ಗೆರೆ ಎಳೆದಳು.

ಮರಳಿ ಬಂದ ಮೇಲೆ

ಹಡಗು ಪೂರ್ತಿ ಕಟ್ಟುವವರೆಗೆ ಫ್ಲೈಟ್ ಮೋಡ್ ತೆಗೆಯಬೇಡಿ. ಅವಸರದವರು ದೂರದಲ್ಲಿ ಮುಂಬೈಯ ದೀಪ ಕಂಡ ಕೂಡಲೇ ತೆಗೆಯುತ್ತಾರೆ, ಆಗ ಫೋನ್ ಯಾವ ಟವರ್ ಹಿಡಿಯುತ್ತದೋ ಹೇಳಲಾಗದು. ಫೋಟೋ ಬ್ಯಾಕಪ್, ಸಮಯದ ಸೆಟ್ಟಿಂಗ್, ಡಿಎನ್‌ಎಸ್, ಏನೇನು ಆಫ್ ಮಾಡಿದ್ದಿರೋ ಮತ್ತೆ ಆನ್ ಮಾಡಿ. ರೋಮಿಂಗ್ ಪ್ಯಾಕ್ ಇದ್ದರೆ ಬಂದ್ ಮಾಡಿಸಿ. ಹಡಗಿನ ಖರ್ಚಿನ ಪಟ್ಟಿಯಲ್ಲಿ ವೈಫೈ ಎರಡು ಸಲ ಬಿದ್ದಿದೆಯಾ ಅಂತ ಇಳಿಯುವ ಮುಂಚೆಯೇ ಕೌಂಟರ್‌ನಲ್ಲಿ ನೋಡಿ, ಇಳಿದ ಮೇಲೆ ಇಮೇಲ್ ಬರೆಯುತ್ತಾ ಕೂರಬೇಕಾಗುತ್ತದೆ. ಪೋಸ್ಟ್‌ಪೇಯ್ಡ್ ಇದ್ದವರು ಮುಂದಿನ ಎರಡು ಬಿಲ್‌ಗಳ ರೋಮಿಂಗ್ ಸಾಲನ್ನು ಓದಿ. ರೋಮಿಂಗ್ ಲೆಕ್ಕ ಕೆಲವೊಮ್ಮೆ ತಡವಾಗಿ ಬರುತ್ತದೆ.

ಮುಂಬೈಯಲ್ಲಿ ಅಪ್ಪನ ಫೋನಿನ ಫ್ಲೈಟ್ ಮೋಡ್ ತೆಗೆದ ನಿಮಿಷಕ್ಕೇ ಗಂಟೆ ಬಾರಿಸಿತು. ಗದಗಿನ ಕಾಕಾ. ಅಪ್ಪ ನನ್ನ ಮುಖ ನೋಡಿದರು. "ಎತ್ತರೀ, ಈಗ ಪುಕ್ಕಟೆ" ಅಂದೆ.